ನಮ್ಮ ಫರ್ನೆಸ್‌ಗೆ ಪೆಟ್‌ಕೋಕ್ ಒಗ್ಗಿದ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ, ಅಂದರೆ ಎರಕದ ಕಾರ್ಖಾನೆ, ಇದೆ. ಒಂದು ಸಲಕ್ಕೆ 500 ಕೆಜಿ ಕರಗಿಸುವ ಕರೆಂಟಿನ ಇಂಡಕ್ಷನ್ ಫರ್ನೆಸ್. ಹೆಚ್ಚಾಗಿ ಹೊಯ್ಯುವುದು ಎಸ್‌ಜಿ ಐರನ್, ಅಂದರೆ ಒಳಗಿನ ಗ್ರಾಫೈಟ್ ಗುಂಡಗಿರುವ ಎರಕದ ಕಬ್ಬಿಣ. ಪಿಗ್ ಐರನ್ (ಕಾರ್ಬನ್ ಹೆಚ್ಚಿರುವ ಕಚ್ಚಾ ಕಬ್ಬಿಣ) ದುಬಾರಿಯಾದಾಗ ಅದನ್ನು ಬಿಟ್ಟು ಉಕ್ಕಿನ ಸ್ಕ್ರ್ಯಾಪ್ ಕರಗಿಸೋಣ, ಕಮ್ಮಿ ಬೀಳುವ ಕಾರ್ಬನ್ನನ್ನು ಪೆಟ್‌ಕೋಕ್‌ನಿಂದ, ಅಂದರೆ ತೈಲ ಶುದ್ಧೀಕರಣದಲ್ಲಿ ಉಳಿಯುವ ಇದ್ದಿಲಿನಂಥ ಮಾಲಿನಿಂದ, ತುಂಬೋಣ ಅಂದುಕೊಂಡೆ.

ಏಜೆಂಟ್ ಒಬ್ಬರು ಅಗ್ಗದ ಮಾಲು ತಂದರು. "ಯಾವುದಾದ್ರೂ ಕಾರ್ಬನ್ನೇ ಅಲ್ವಾ ಸಾರ್" ಅಂದರು. ನಾನೂ ನಂಬಿದೆ. ಅದು ಕಚ್ಚಾ ಪೆಟ್‌ಕೋಕ್. ಹಾಕಿದ ಕೂಡಲೇ ಫರ್ನೆಸ್ ಬಾಯಲ್ಲಿ ಹಳದಿ ಬೆಂಕಿ ಎದ್ದಿತು, ಮೂಗು ಉರಿಸುವ ಘಾಟು ಶೆಡ್ಡೆಲ್ಲ ತುಂಬಿತು. ಮರುದಿನ ಫೆಟ್ಲಿಂಗ್‌ನಲ್ಲಿ (ಎರಕವನ್ನು ಉಜ್ಜಿ ಚೊಕ್ಕ ಮಾಡುವ ಕಡೆ) ಮದ್ದೂರು ಕಡೆಯ ಹಿರಿಯರೊಬ್ಬರು ಒಂದು ಕಾಸ್ಟಿಂಗನ್ನು ಎತ್ತಿ ಹಿಡಿದು ಸುತ್ತಿಗೆಯಿಂದ ತಟ್ಟಿದರು. ಒಳ್ಳೆಯ ಎಸ್‌ಜಿ ಗಂಟೆಯ ಹಾಗೆ ಕಣ್ ಅನ್ನಬೇಕು. ಇದು ದಬ್ ಅಂತು. "ಒಡೆದ ಮಡಕೆ ಸದ್ದು ಕಣಣ್ಣೋ ಇದು" ಅಂದರು. ಆ ಹೀಟ್, ಅಂದರೆ ಆ ಸಲ ಕರಗಿಸಿದ್ದು, ಪೂರ್ತಿ ಸ್ಕ್ರ್ಯಾಪ್‌ಗೆ ಹೋಯ್ತು.

ರಾತ್ರಿ ಕೂತು ಲೆಕ್ಕ ಹಾಕಿದೆ. ಅರ್ಧ ಉಕ್ಕು, ಅರ್ಧ ನಮ್ಮದೇ ರಿಟರ್ನ್ಸ್ (ಹಿಂದಿನ ಎರಕಗಳಲ್ಲಿ ಉಳಿದ ತುಂಡುಗಳು) ಅಂದರೆ ಕಾರ್ಬನ್ ಸುಮಾರು ಶೇ 1.85 ಇರುತ್ತೆ. ಬೇಕಾದದ್ದು ಶೇ 3.6. ಸ್ವಲ್ಪ ಸುಟ್ಟು ಹೋಗುವುದೂ ಸೇರಿ 10 ಕೆಜಿ ಕೋಕ್ ಬೇಕು. ಅದರಲ್ಲಿ ಶೇ 6 ಗಂಧಕ ಇದ್ದರೆ 600 ಗ್ರಾಂ ಆಯ್ತು. ಅಷ್ಟೂ ಲೋಹಕ್ಕೆ ಇಳಿದರೆ ಶೇ 0.12! ಎಸ್‌ಜಿಗೆ ಶೇ 0.02 ದಾಟಿದರೇ ಕಷ್ಟ. ಗುಂಡಗಿನ ಗ್ರಾಫೈಟ್ ಮಾಡಬೇಕಾದ ಮೆಗ್ನೀಸಿಯಮ್ಮನ್ನು ಗಂಧಕವೇ ತಿಂದು ಹಾಕುತ್ತೆ.

ಕಚ್ಚಾ ಮಾಲಿನ ಜಾಗ ಸಿಮೆಂಟ್ ಗೂಡು. ಕೆಜಿಗೆ 8000 ಕಿಲೋಕ್ಯಾಲೊರಿ ದಾಟುವ ಶಾಖ, ಬೂದಿ ತೀರಾ ಕಮ್ಮಿ. ಗಂಧಕವನ್ನು ಅಲ್ಲಿನ ಸುಣ್ಣ ಹಿಡಿದಿಟ್ಟುಕೊಳ್ಳುತ್ತೆ. ನಮ್ಮ ಫರ್ನೆಸ್‌ನಲ್ಲಿ ಹಿಡಿಯುವವರು ಯಾರು?

ಆಮೇಲೆ ಕ್ಯಾಲ್ಸೈನ್ಡ್ ಕೋಕ್, ಅಂದರೆ ಸಿಪಿಸಿ, ನೋಡಿದೆ. 1200 ಡಿಗ್ರಿ ಮೇಲೆ ಸುಟ್ಟಿರುತ್ತಾರೆ. ಹೊಗೆ ಬಿಡುವ ಅಂಶವೆಲ್ಲ ಹೋಗಿರುತ್ತೆ, ಆದರೆ ಗಂಧಕ ಬಹುಪಾಲು ಉಳಿದೇ ಇರುತ್ತೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಮೋಸ ಹೋಗುತ್ತಾರೆ. ಎಸ್‌ಜಿಗೆ ನಾನು ಆರಿಸಿಕೊಂಡದ್ದು 2500 ಡಿಗ್ರಿಗೂ ಮೇಲೆ ಕಾಯಿಸಿದ ಗ್ರಾಫೈಟೈಸ್ಡ್ ಕೋಕ್. ಗಂಧಕ ಶೇ 0.05ರ ಒಳಗಿರಬೇಕು. ಬೆರಳಲ್ಲಿ ಉಜ್ಜಿದರೆ ಪೆನ್ಸಿಲ್ ಸೀಸದ ಹಾಗೆ ಹೊಳೆಯುವ ಗೆರೆ ಬೀಳುತ್ತೆ. ದುಬಾರಿಯೇ, ಆದರೂ 10 ಕೆಜಿಗೆ ಸೇರುವ ಗಂಧಕ 5 ಗ್ರಾಂ ಅಷ್ಟೇ.

ಹಾಕುವ ರೀತಿಯೂ ಮುಖ್ಯ. 1ರಿಂದ 5 ಮಿಮೀ ಕಾಳು ಸರಿ. ಪುಡಿ ಇದ್ದರೆ ಸುಮ್ನೆ ಹಾರಿ ಹೋಗುತ್ತೆ. ಸ್ಕ್ರ್ಯಾಪ್ ಜೊತೆ ತಳಕ್ಕೇ ಹಾಕುತ್ತೇವೆ. ಕೊನೆಯಲ್ಲಿ ಮೇಲಿಂದ ಸುರಿದರೆ ಸ್ಲ್ಯಾಗ್‌ಗೆ, ಅಂದರೆ ಮೇಲೆ ತೇಲುವ ಕಿಟ್ಟಕ್ಕೆ, ಅಂಟಿ ಅದರ ಜೊತೆಗೇ ಹೊರಗೆ ಹೋಗುತ್ತೆ.

ಸಿಪಿಸಿ ಬಿಟ್ಟಿಲ್ಲ. ಗ್ರೇ ಐರನ್‌ಗೆ, ಅಂದರೆ ಗ್ರಾಫೈಟ್ ಚಕ್ಕೆಯಾಗಿರುವ ಸಾಮಾನ್ಯ ಎರಕದ ಕಬ್ಬಿಣಕ್ಕೆ, ಸ್ವಲ್ಪ ಗಂಧಕ ಬೇಕೇ ಬೇಕು, ಅಲ್ಲಿಗೆ ಅದೇ ಹಾಕುತ್ತೇವೆ. ಎರಡೂ ನೋಡಲು ಕಪ್ಪು ಕಾಳೇ. ಅದಕ್ಕೇ ಎಸ್‌ಜಿ ಡ್ರಮ್‌ಗೆ ಹಸಿರು ಬಣ್ಣ, ಗ್ರೇ ಡ್ರಮ್‌ಗೆ ಕೆಂಪು ಬಳಿಸಿ, ಶೆಡ್ಡಿನ ಆ ತುದಿಗೊಂದು ಈ ತುದಿಗೊಂದು ಇಟ್ಟಿದ್ದೇನೆ.