ರಾಜನೋ, ರಾಷ್ಟ್ರಪತಿಯೋ? ಹೈಸ್ಕೂಲಿನಲ್ಲಿ ಈ ಚರ್ಚೆ ಮಾಡಿಸುವುದು ಹೇಗೆ

ಮೂಡಿಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಹತ್ತನೇ ತರಗತಿಯ ಮಕ್ಕಳಿಂದ ನಾನು ತುಂಬ ಇಷ್ಟಪಟ್ಟು ಮಾಡಿಸುವ ಚರ್ಚೆ ಒಂದಿದೆ. ಸ್ವಾತಂತ್ರ್ಯ ಬಂದ ಮೇಲೂ ಬ್ರಿಟನ್ನಿನ ರಾಜನನ್ನೇ ದೇಶದ ಮುಖ್ಯಸ್ಥನಾಗಿ ಇಟ್ಟುಕೊಂಡ ದೇಶಗಳು ಗಣರಾಜ್ಯ ಆಗಬೇಕೇ ಎಂಬುದು ವಿಷಯ. ನಿಮ್ಮ ಶಾಲೆಯಲ್ಲೂ ಮಾಡಿಸಬೇಕು ಎಂದಿದ್ದರೆ ಹೀಗೆ ಮಾಡಿ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ. 'ರಾಜರ ಆಳ್ವಿಕೆ ಒಳ್ಳೆಯದೋ ಕೆಟ್ಟದ್ದೋ' ಎಂದು ಕೊಟ್ಟರೆ ಎಲ್ಲರೂ ಕೆಟ್ಟದ್ದು ಅಂತಾರೆ, ಚರ್ಚೆ ಅಲ್ಲಿಗೇ ಮುಗೀತು. ಒಂದು ದೇಶ ಆರಿಸಿ. 'ಜಮೈಕಾ ಗಣರಾಜ್ಯ ಆಗಬೇಕೇ, ಆಗುವುದಾದರೆ ಹೇಗೆ?' ಈ ಕೊನೆಯ 'ಹೇಗೆ' ಬಿಡಲೇಬೇಡಿ. ಚರ್ಚೆಯ ಜೀವ ಇರುವುದು ಅಲ್ಲೇ.

ಆಮೇಲೆ ಒಂದು ಪೀರಿಯಡ್ ಪಾಠ ಮಾಡಿ. ಬ್ರಿಟನ್ ಬಿಟ್ಟು ಇನ್ನೂ 14 ದೇಶಗಳಿಗೆ ಚಾರ್ಲ್ಸ್ ರಾಜ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲ ಅದರಲ್ಲಿವೆ. ಆತ ಅಲ್ಲಿ ಆಡಳಿತ ನಡೆಸುವುದಿಲ್ಲ. ಅವನ ಹೆಸರಿನಲ್ಲಿ ಗವರ್ನರ್ ಜನರಲ್ ಸಹಿ ಹಾಕುತ್ತಾರೆ. 'ಹಾಗಾದರೆ ಇದ್ದರೇನು ಸಾರ್?' ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆಗ 1975ರ ನವೆಂಬರ್ 11ರ ಕಥೆ ಹೇಳಿ. ಆಸ್ಟ್ರೇಲಿಯಾದ ಗವರ್ನರ್ ಜನರಲ್ ಜಾನ್ ಕೆರ್, ಜನರಿಂದ ಆರಿಸಿ ಬಂದ ಪ್ರಧಾನಿ ಗಾಫ್ ವಿಟ್ಲಮ್ ಅವರನ್ನು ಆ ದಿನ ವಜಾ ಮಾಡಿದರು. ಅಷ್ಟು ಹೇಳಿದರೆ ಸಾಕು, ತರಗತಿ ಎದ್ದು ಕೂರುತ್ತದೆ.

ಬೋರ್ಡಿನ ಮೇಲೆ ಮೂರು ದೇಶಗಳ ಹೆಸರು ಬರೆಯಿರಿ. ಬಾರ್ಬಡೋಸ್ ಸುಲಭ: ಸಂಸತ್ತೇ ಸಂವಿಧಾನ ತಿದ್ದಿತು, 2021ರ ನವೆಂಬರ್ 30ಕ್ಕೆ ಗಣರಾಜ್ಯವಾಯಿತು. ಗವರ್ನರ್ ಜನರಲ್ ಆಗಿದ್ದ ಸಾಂಡ್ರಾ ಮೇಸನ್ ಅವರೇ ಮೊದಲ ಅಧ್ಯಕ್ಷೆ. ಜನಮತ ಕೇಳಲಿಲ್ಲ. ಅದು ಸರಿಯೇ ಎಂದು ಮಕ್ಕಳೇ ವಾದ ಮಾಡಲಿ.

ಆಸ್ಟ್ರೇಲಿಯಾಕ್ಕೆ ಜಾಸ್ತಿ ಸಮಯ ಕೊಡಿ. 1999ರಲ್ಲಿ ಅಲ್ಲಿ ಜನಮತಗಣನೆ ಆಯಿತು. ಸುಮಾರು 55 ಶೇಕಡಾ ಜನ 'ಬೇಡ' ಎಂದರು. ಆರು ರಾಜ್ಯಗಳಲ್ಲಿ ಒಂದೂ ಒಪ್ಪಲಿಲ್ಲ. ಬೇಡ ಎಂದವರೆಲ್ಲ ಆಗಿನ ರಾಣಿ ಎಲಿಜಬೆತ್ ಅವರ ಅಭಿಮಾನಿಗಳು ಅಂದುಕೊಳ್ಳಬೇಡಿ. ಅಧ್ಯಕ್ಷರನ್ನು ಸಂಸತ್ತು ಮೂರನೇ ಎರಡು ಬಹುಮತದಿಂದ ಆರಿಸುವುದು ಎಂದು ಪ್ರಸ್ತಾಪದಲ್ಲಿತ್ತು. ನಾವೇ ನೇರವಾಗಿ ಆರಿಸಬೇಕು ಎನ್ನುವ ಗಣರಾಜ್ಯವಾದಿಗಳು ಕೂಡ ಅದಕ್ಕೆ ವಿರುದ್ಧ ಓಟು ಹಾಕಿದರು. ಗುರಿ ಒಂದೇ ಆದವರು ದಾರಿಯ ಬಗ್ಗೆ ಜಗಳವಾಡಿ ಸೋತದ್ದು ಹೀಗೆ. ಮಕ್ಕಳಿಗೆ ಇದು ಅರ್ಥವಾದರೆ ಅರ್ಧ ಕೆಲಸ ಆದಂತೆ.

ಮೂರನೆಯದು ಜಮೈಕಾ. 1962ರಲ್ಲಿ ಸ್ವತಂತ್ರವಾಯಿತು. ರಾಜನನ್ನು ಬಿಡಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಬೇಕು, ಮೇಲೆ ಜನಮತಗಣನೆಯೂ ಬೇಕು. 2024ರ ಡಿಸೆಂಬರಿನಲ್ಲಿ ಸರ್ಕಾರ ಮಸೂದೆ ಮಂಡಿಸಿತು. ಆದರೆ ಅವರ ಕೊನೆಯ ಮೇಲ್ಮನವಿ ಕೋರ್ಟು ಲಂಡನ್ನಿನ ಪ್ರಿವಿ ಕೌನ್ಸಿಲ್. ಅದನ್ನೂ ಒಟ್ಟಿಗೇ ಬಿಡೋಣ ಎಂಬುದು ಅಲ್ಲಿನ ವಿರೋಧ ಪಕ್ಷದ ಪಟ್ಟು.

ಇಷ್ಟಾದ ಮೇಲೆ ನಮ್ಮ ಊರಿಗೆ ಬನ್ನಿ. 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಭಾರತಕ್ಕೂ ಆರನೇ ಜಾರ್ಜ್ ರಾಜನಾಗಿದ್ದ ಎಂದರೆ ಮಕ್ಕಳು ನಂಬುವುದಿಲ್ಲ. ಇನ್ನು ಹಾಸನ, ಚಿಕ್ಕಮಗಳೂರು ಎರಡೂ ಮೈಸೂರು ಸಂಸ್ಥಾನದ್ದು. ನಮ್ಮ ಜಿಲ್ಲೆಯನ್ನು ಆಗ ಕಡೂರು ಜಿಲ್ಲೆ ಅನ್ನುತ್ತಿದ್ದರು. ಜಯಚಾಮರಾಜ ಒಡೆಯರ್ ಗಣರಾಜ್ಯ ಬಂದ ಮೇಲೂ 1956ರವರೆಗೆ ರಾಜಪ್ರಮುಖರಾಗಿದ್ದರು, ಅಂದರೆ ರಾಜ್ಯದ ಮುಖ್ಯಸ್ಥರಾಗಿದ್ದರು, ಆಮೇಲೆ ರಾಜ್ಯಪಾಲರಾದರು. ಹೀಗೂ ಬದಲಾವಣೆ ಆಗಬಹುದು ಅಲ್ವಾ?

ಮನೆಗೆ ಕಳಿಸಿ, ಮಹಾರಾಜರ ಕಾಲ ಹೇಗಿತ್ತು ಎಂದು ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬರಲು ಹೇಳಿ. ಹೆಚ್ಚಿನವರು ಮಹಾರಾಜರನ್ನು ಹೊಗಳುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬಂತು, ಅದಕ್ಕೆ ಅದಿರು ನಮ್ಮ ಕೆಮ್ಮಣ್ಣುಗುಂಡಿಯಿಂದ ಹೋಯಿತು. ಆ ಹೊಗಳಿಕೆಯನ್ನು ಯಾರೂ ಸುಮ್ನೆ ತಳ್ಳಿಹಾಕಬಾರದು. ಅದರ ಮೇಲೆ ಒಂದೇ ಪ್ರಶ್ನೆ ಹಾಕಿ: ಒಳ್ಳೆಯದಾಗಿದ್ದು ಆ ಮನುಷ್ಯನಿಂದಲೋ, ಆ ಪಟ್ಟದಿಂದಲೋ? ಅವರ ಜಾಗದಲ್ಲಿ ಕೆಟ್ಟವನೊಬ್ಬ ಹುಟ್ಟಿದ್ದರೆ ಅವನನ್ನು ಇಳಿಸುವ ದಾರಿ ಯಾರ ಕೈಲಿತ್ತು? ಇದೇ ಪ್ರಶ್ನೆಯನ್ನು ಗಣರಾಜ್ಯದ ಪರ ಇರುವವರಿಗೂ ಕೇಳಿ. ನೀವು ತರುವ ಅಧ್ಯಕ್ಷ ಕೆಟ್ಟವನಾದರೆ? ಉತ್ತರ ಇಲ್ಲದವರು ಇನ್ನೂ ತಯಾರಾಗಿಲ್ಲ ಎಂದೇ ಅರ್ಥ.

ಪರ, ವಿರೋಧ ಎಂದು ಚೀಟಿ ಎತ್ತಿಸಿ. ಅವರವರ ಇಷ್ಟಕ್ಕೆ ಬಿಟ್ಟರೆ ವಿರೋಧದ ಕಡೆ ಯಾರೂ ನಿಲ್ಲುವುದಿಲ್ಲ. ಮೂರನೇ ಗುಂಪು ಒಂದಿರಲಿ. ಅವರ ಕೆಲಸ ಹೊಸ ಅಧ್ಯಕ್ಷರನ್ನು ಯಾರು ಆರಿಸಬೇಕು, ಯಾರು ತೆಗೆಯಬಹುದು, ಎಷ್ಟು ವರ್ಷ ಎಂದು ಬರೆಯುವುದು. ಒಬ್ಬರಿಗೆ ನಾಲ್ಕು ನಿಮಿಷ ಸಾಕು. ತೀರ್ಪುಗಾರರಿಗೆ ಮೊದಲೇ ಹೇಳಿಡಿ: ಗಂಟಲಿಗೆ ಅಂಕ ಬೇಡ, 'ಹೇಗೆ' ಎಂದು ಹೇಳಿದವರಿಗೆ ಕೊಡಿ.

ದಿನ ಗೊತ್ತು ಮಾಡುವಾಗಲೂ ಯೋಚಿಸಿ. ಜುಲೈ, ಆಗಸ್ಟಿನಲ್ಲಿ ಬೇಡ. ಮಳೆ ಹಿಡಿದರೆ ತಗಡಿನ ಶೀಟಿನ ಸದ್ದಿಗೆ ಒಂದು ಮಾತೂ ಕೇಳುವುದಿಲ್ಲ. ಕಾಫಿ ಕೊಯ್ಲು ಶುರುವಾದರೆ ಕೆಲವು ಮಕ್ಕಳು ಶಾಲೆಗೇ ಬರುವುದಿಲ್ಲ, ಅವರನ್ನು ಬಿಟ್ಟು ಮಾಡಬಾರದು. ಅಕ್ಟೋಬರ್ ಕೊನೆ ನಮ್ಮ ಕಡೆಗೆ ಒಳ್ಳೆಯದು.

ಚರ್ಚೆ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಹಾಳೆ ಕೊಡಿ. ಜಮೈಕಾದಲ್ಲಿ ಓಟಿದ್ದರೆ ಯಾವ ಕಡೆ ಹಾಕುತ್ತೀರಿ, ಯಾಕೆ, ಎಂದು ಹೆಸರಿಲ್ಲದೆ ಬರೆಯಲಿ. ಅದಕ್ಕೆ ಅಂಕ ಹಾಕಬೇಡಿ. ಮರುದಿನ ತರಗತಿಯಲ್ಲಿ ಎಲ್ಲವನ್ನೂ ಓದಿ ಹೇಳಿ.