ಸಕ್ಕರೆ, ತೂಕ ಮತ್ತು ಒಂದು ಚಮಚದ ಲೆಕ್ಕ

ಆಹಾರ ಕ್ರಮಕ್ಕೂ ದೇಹದ ತೂಕಕ್ಕೂ ಇರುವ ನಂಟನ್ನು ಅಧ್ಯಯನ ಮಾಡಲು ಹೊರಟಾಗ, ಕಷ್ಟವೇನಿದ್ದರೂ ಅಂಕಿಅಂಶಗಳ ವಿಶ್ಲೇಷಣೆಯಲ್ಲಿ ಎಂದು ಭಾವಿಸಿದ್ದೆ. ಹಿಂದಿನ 24 ಗಂಟೆಗಳಲ್ಲಿ ತಿಂದು ಕುಡಿದದ್ದನ್ನೆಲ್ಲ ನೆನಪಿಸಿಕೊಂಡು ಹೇಳುವಂತೆ ಕೇಳುವುದು ನಾನು ಆರಿಸಿಕೊಂಡ ವಿಧಾನ. ಒಂದೇ ದಿನದ ಊಟದಿಂದ ಯಾರ ರೂಢಿಯೂ ತಿಳಿಯದಾದ್ದರಿಂದ, ರಜಾದಿನವೊಂದೂ ಸೇರುವಂತೆ ಒಬ್ಬೊಬ್ಬರನ್ನೂ ಮೂರು ಬಾರಿ ಕೇಳುತ್ತಿದ್ದೆ.

ಸಕ್ಕರೆ ಎಷ್ಟು ಎಂದರೆ ಬಹುತೇಕರ ಉತ್ತರ ‘ಒಂದೇ ಚಮಚ’. ಒಮ್ಮೆ ಹಾಗೆಂದ ಒಬ್ಬರ ಮುಂದೆ ಡಬ್ಬಿಯನ್ನೂ ಚಮಚವನ್ನೂ ಇಟ್ಟು, ದಿನವೂ ಹಾಕಿಕೊಳ್ಳುವಂತೆಯೇ ಹಾಕಿ ತೋರಿಸಿ ಎಂದೆ. ಅಂಚಿಗೆ ಸಮನಾಗಿ ತುಂಬಿದ ಟೀ ಚಮಚ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆ; ಗೋಪುರದಂತೆ ತುಂಬಿ ಬಂದ ಆ ಚಮಚದ ಸಕ್ಕರೆ ನನ್ನ ತಕ್ಕಡಿಯಲ್ಲಿ 7 ಗ್ರಾಂ ತೂಗಿತು. ಅವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ರೀತಿಯೇ ತಪ್ಪಾಗಿತ್ತು. ಅಂದಿನಿಂದ ತಕ್ಕಡಿಯಿಲ್ಲದೆ ಸಂದರ್ಶನಕ್ಕೆ ಹೋಗಲಿಲ್ಲ. ಬ್ಯಾಟರಿ ಮರೆತು ಹೋದ ದಿನಗಳ ಮಾತು ಬೇರೆ.

ಯಾವುದನ್ನು ಸಕ್ಕರೆಯೆಂದು ಎಣಿಸಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯನ್ನು ಹಿಡಿದೆ. ಅದರ ಪ್ರಕಾರ ಜೇನುತುಪ್ಪ ಮತ್ತು ಹಣ್ಣಿನ ರಸದಲ್ಲಿರುವುದೂ ‘ಮುಕ್ತ ಸಕ್ಕರೆ’ಯೇ, ಇಡೀ ಹಣ್ಣಿನಲ್ಲಿರುವುದು ಮಾತ್ರ ಅಲ್ಲ. ಮುಕ್ತ ಸಕ್ಕರೆಯಿಂದ ಬರುವ ಪಾಲು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು. 2000 ಕಿಲೋಕ್ಯಾಲರಿಯ ಆಹಾರದಲ್ಲಿ ಆ ಮಿತಿ 50 ಗ್ರಾಂ.

ಮೊದಲ ಲೆಕ್ಕದಲ್ಲಿ, ಹೆಚ್ಚು ಸಕ್ಕರೆ ತಿನ್ನುವವರೇ ತೆಳ್ಳಗಿದ್ದಾರೆ ಎಂಬ ಫಲಿತಾಂಶ ಬಂದು ಗಾಬರಿಯಾಯಿತು. ತೂಕ ಏರಿದವರಲ್ಲಿ ಹಲವರು ಆಗಲೇ ಸಕ್ಕರೆ ಬಿಟ್ಟಿದ್ದರು. ಅಂದರೆ ಕಾರಣವೆಂದು ನಾನು ತಿಳಿದದ್ದು ಇಲ್ಲಿ ಪರಿಣಾಮವಾಗಿತ್ತು. ಇನ್ನು ಕೆಲವರು ಹೇಳಿದ ಆಹಾರದ ಶಕ್ತಿ, ಮಲಗಿದ್ದಲ್ಲೇ ಇರುವ ದೇಹಕ್ಕೆ ಬೇಕಾದಷ್ಟೂ ಇರಲಿಲ್ಲ. ತೂಕ ಹೆಚ್ಚಿದಂತೆ ತಿಂದದ್ದನ್ನು ಕಡಿಮೆ ಹೇಳುವ ಪ್ರವೃತ್ತಿಯೂ ಹೆಚ್ಚುವುದರಿಂದ, ಇಂಥವರನ್ನು ಸುಮ್ಮನೆ ಕೈಬಿಟ್ಟರೆ ಅಧ್ಯಯನವೇ ಒಂದು ಬದಿಗೆ ವಾಲುತ್ತದೆ. ಹಾಗಾಗಿ ಅವರನ್ನು ಸೇರಿಸಿಯೂ ಬಿಟ್ಟೂ ಎರಡು ಬಾರಿ ಲೆಕ್ಕ ಮಾಡಿದೆ, ಮತ್ತು ಸಕ್ಕರೆ, ತೂಕಗಳಲ್ಲಿ ಯಾವುದು ಮೊದಲು ಎಂದು ತಿಳಿಯಲು ಎಲ್ಲರನ್ನೂ ವರ್ಷದ ನಂತರ ಅದೇ ಯಂತ್ರದಲ್ಲಿ, ಬರಿಗಾಲಲ್ಲಿ ಮತ್ತೆ ತೂಗಿದೆ.

ಒಟ್ಟು ಶಕ್ತಿಯನ್ನು ಸರಿದೂಗಿಸಬೇಕೇ, ಅಂದರೆ ಎಲ್ಲರೂ ಒಂದೇ ಪ್ರಮಾಣದ ಶಕ್ತಿ ಸೇವಿಸಿದ್ದಾರೆ ಎಂಬಂತೆ ಲೆಕ್ಕ ಹಾಕಬೇಕೇ ಎಂಬುದರ ಬಗ್ಗೆ ಬಹಳ ತಲೆಕೆಡಿಸಿಕೊಂಡೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2013ರಲ್ಲಿ ಬಂದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ, ಸಕ್ಕರೆ ಕಡಿಮೆ ಮಾಡಿದ ವಯಸ್ಕರ ತೂಕ ಸರಾಸರಿ 0.8 ಕಿಲೋ ಇಳಿದಿತ್ತು. ಆದರೆ ಸಕ್ಕರೆಯ ಬದಲು ಅಷ್ಟೇ ಶಕ್ತಿಯ ಬೇರೆ ಶರ್ಕರಪಿಷ್ಟ ಕೊಟ್ಟಾಗ ತೂಕ ಬದಲಾಗಿರಲಿಲ್ಲ. ಸಕ್ಕರೆ ತೂಕ ಏರಿಸುವುದು ಮುಖ್ಯವಾಗಿ ಒಟ್ಟು ಶಕ್ತಿಯನ್ನು ಹೆಚ್ಚಿಸುವ ಮೂಲಕವೇ ಆಗಿದ್ದರೆ, ಆ ಶಕ್ತಿಯನ್ನು ಸರಿದೂಗಿಸುವುದೆಂದರೆ ಹುಡುಕುತ್ತಿರುವ ದಾರಿಯನ್ನೇ ಅಳಿಸಿದಂತೆ. ಆದ್ದರಿಂದ ಎರಡೂ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟೆ.

ಆಹಾರ ಕ್ರಮಗಳನ್ನು ಗುಂಪುಮಾಡುವ ಕೆಲಸ ಗಣಕದ್ದು, ಹೆಸರಿಡುವುದು ನನ್ನದು. ಸಿಹಿ ಪಾನೀಯ ಮತ್ತು ಕರಿದ ತಿಂಡಿ ಒಟ್ಟಿಗೆ ಬಂದ ಗುಂಪಿಗೆ ಮೊದಲು ‘ಅನಾರೋಗ್ಯಕರ’ ಎಂದು ಬರೆದಿದ್ದೆ. ತೀರ್ಪನ್ನು ಲೆಕ್ಕಕ್ಕೆ ಮುಂಚೆಯೇ ಕೊಟ್ಟಂತಾಯಿತೆನಿಸಿ, ಅದನ್ನು ಹೊಡೆದುಹಾಕಿ ‘ಸಿಹಿ ಪಾನೀಯ, ಕರಿದ ತಿಂಡಿ’ ಎಂದಷ್ಟೇ ಬರೆದೆ.