ಪಿಜ್ಜಾ ಬಿಟ್ಟು ಚಪಾತಿ ಹಿಡಿದ ಮೇಲೆ

ನೈರೋಬಿಯಲ್ಲಿ ಬ್ಲಾಕ್‌ಚೈನ್ (ಬಿಟ್‌ಕಾಯಿನ್‌ನಂಥವುಗಳ ಹಿಂದಿರುವ ತಂತ್ರಜ್ಞಾನ) ಡೆವಲಪರ್‌ಗಳ ಬಳಗ ಕಟ್ಟುತ್ತೇನೆ ಎಂದು ಹೊರಟಾಗ ನಾನು ಮೊದಲು ಮಾಡಿದ್ದು ಪಿಜ್ಜಾ ತರಿಸುವ ಕೆಲಸ. 2022ರಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ನ್ಗಾಂಗ್ ರೋಡಿನಲ್ಲಿ ಯಾರದೋ ಆಫೀಸಿನ ಹಾಲ್, ಒಂದು ಪ್ರೊಜೆಕ್ಟರ್, ಪ್ರಾಯೋಜಕರ ಹೆಸರಿನ ಟೀ ಶರ್ಟ್. ಅರವತ್ತು ಜನ ಬರುತ್ತಿದ್ದರು. ಮುಂದಿನ ತಿಂಗಳೂ ಅರವತ್ತು, ಆದರೆ ಬೇರೆ ಅರವತ್ತು. ಸಂಜೆ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಮಟಾಟು ವ್ಯಾನಿನವರು ದರ ಏರಿಸುತ್ತಾರೆ. ಹಾಗಾಗಿ ಪಿಜ್ಜಾ ಡಬ್ಬಿ ಖಾಲಿಯಾದ ಹತ್ತು ನಿಮಿಷಕ್ಕೆ ಹಾಲ್ ಕೂಡ ಖಾಲಿ. ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಒಂದು ಟೆಲಿಗ್ರಾಂ ಗುಂಪು, ಅದರಲ್ಲಿ ಬರುತ್ತಿದ್ದ ಒಂದೇ ಪ್ರಶ್ನೆ: ‘ಈ ಸಲ ಬಹುಮಾನ ಎಷ್ಟು?’

ಅವರನ್ನು ಬೈಯುವ ಹಾಗಿಲ್ಲ. ಬಹುಮಾನದ ಆಸೆ ತೋರಿಸಿ ಕರೆದವನು ನಾನೇ.

ನಾನು ದಾವಣಗೆರೆಯವನು. 2019ರಲ್ಲಿ ಪೇಮೆಂಟ್ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದರ ಕೆಲಸಕ್ಕೆಂದು ಕೆನ್ಯಾಕ್ಕೆ ಬಂದೆ, ಇಲ್ಲೇ ಉಳಿದೆ. ಆ ಟೆಲಿಗ್ರಾಂ ಗುಂಪು ನೋಡುತ್ತಾ ಒಂದು ರಾತ್ರಿ ಯೋಚಿಸಿದೆ: ನಾನು ಕೋಡ್ ಬರೆಯಲು ಕಲಿತದ್ದು ಎಲ್ಲಿ? ಕಾಲೇಜಿನಲ್ಲಂತೂ ಅಲ್ಲ. ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿ, ಒಂದೇ ರೂಮಿನ ಮೂರು ಮಂಚದ ನಡುವೆ. ರಾತ್ರಿ ಒಂದು ಗಂಟೆಗೆ ರೂಮ್‌ಮೇಟ್‌ನನ್ನು ಅಲ್ಲಾಡಿಸಿ ಎಬ್ಬಿಸಿ ‘ಮಗಾ, ಇದ್ಯಾಕೋ ಓಡ್ತಿಲ್ಲ’ ಅಂದಾಗ ಅವನು ಕಣ್ಣುಜ್ಜಿಕೊಂಡು ಹೇಳಿಕೊಟ್ಟಿದ್ದು ಯಾವ ಮೇಷ್ಟರೂ ಹೇಳಿಕೊಡಲಿಲ್ಲ.

ಅಷ್ಟರಲ್ಲಿ 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ಕ್ರಿಪ್ಟೋ ವಿನಿಮಯ ಕಂಪನಿ ಮುಳುಗಿತು. ನಮಗೂ ಅದಕ್ಕೂ ನೇರ ಸಂಬಂಧ ಇರಲಿಲ್ಲ. ಆದರೆ ಆ ಗಾಳಿಗೆ ಎಲ್ಲರ ಕೈಯೂ ಬಿಗಿಯಾಯಿತು, ನಮ್ಮ ಪಿಜ್ಜಾ ದುಡ್ಡೂ ನಿಂತಿತು. ಈಗ ಹೇಳುತ್ತೇನೆ, ನಿಂತದ್ದೇ ಒಳ್ಳೆಯದಾಯಿತು. 2023ರ ಫೆಬ್ರವರಿಯಲ್ಲಿ ನಾನು ಮತ್ತು ಇಬ್ಬರು ಕೆನ್ಯಾದ ಗೆಳೆಯರು ಸೇರಿ ನೈವಾಶಾ ಸರೋವರದ ದಕ್ಷಿಣ ದಂಡೆಯ ರಸ್ತೆಯಲ್ಲಿ, ಪಿಜಿಯ ಹಾಗೆ ಒಟ್ಟಿಗೆ ಇದ್ದು ಕೋಡ್ ಬರೆಯಲು, ಹತ್ತು ದಿನಕ್ಕೆ ಒಂದು ಮನೆ ಹಿಡಿದೆವು. ಹನ್ನೊಂದು ಜನ. ದುಡಿಯುವವರು ಪೂರ್ತಿ ಪಾಲು ಕೊಡಬೇಕು, ವಿದ್ಯಾರ್ಥಿಗಳು ಕಾಲು ಪಾಲು. ಪುಕ್ಕಟೆ ಯಾರಿಗೂ ಇಲ್ಲ, ಬಹುಮಾನ ಮೊದಲೇ ಇಲ್ಲ. ಅರ್ಜಿಯಲ್ಲಿ ಓದು, ಅನುಭವ ಏನೂ ಕೇಳಲಿಲ್ಲ. ಒಂದೇ ಪ್ರಶ್ನೆ: ಶುರು ಮಾಡಿ ಅರ್ಧಕ್ಕೆ ಬಿಟ್ಟದ್ದು ಏನು? ಅದನ್ನೇ ಹೊತ್ತು ತನ್ನಿ.

ನೈವಾಶಾ ಯಾಕೆಂದರೆ, ಅದು ನೈರೋಬಿಯಿಂದ ತೊಂಬತ್ತು ಕಿಲೋಮೀಟರ್ ಅಷ್ಟೇ. ಕಂಪಾಲಾದಿಂದ ರಾತ್ರಿ ಹೊರಟ ಬಸ್ಸೂ ಅದೇ ಹೆದ್ದಾರಿಯಲ್ಲಿ ಬರುತ್ತದೆ. ಉಗಾಂಡಾ, ರುವಾಂಡಾದವರು ರಾಷ್ಟ್ರೀಯ ಗುರುತಿನ ಚೀಟಿ ತೋರಿಸಿಯೇ ಗಡಿ ದಾಟಬಹುದು, ಪಾಸ್‌ಪೋರ್ಟ್ ಮಾಡಿಸುವ ಖರ್ಚಿಲ್ಲ. ಸುತ್ತ ಗುಲಾಬಿ ತೋಟಗಳು (ಬೆಂಗಳೂರಿನ ಕಂಪನಿಯೊಂದು ಕೂಡ ಒಂದು ಕಾಲಕ್ಕೆ ಇಲ್ಲಿ ಗುಲಾಬಿ ಬೆಳೆದಿತ್ತು). ರಾತ್ರಿ ನೀರಾನೆಗಳು ಹುಲ್ಲು ಮೇಯಲು ದಡಕ್ಕೆ ಬರುವುದರಿಂದ ಕತ್ತಲಾದ ಮೇಲೆ ಬೇಲಿ ದಾಟಬೇಡಿ ಎಂದು ಕಾವಲುಗಾರ ಮೊದಲ ದಿನವೇ ತಾಕೀತು ಮಾಡಿದ. ಎತ್ತರದ ಊರು, ರಾತ್ರಿ ಚಳಿ ನಡುಗಿಸುತ್ತದೆ. ನೈಜೀರಿಯಾದ ಲಾಗೋಸ್‌ನಿಂದ ಬಂದವನು ಚೀಲದಲ್ಲಿ ತಂದದ್ದು ಬರೀ ಅರ್ಧ ತೋಳಿನ ಅಂಗಿಗಳು, ಎರಡು ದಿನ ಕಿಟಕಿ ಪರದೆ ಹೊದ್ದು ಕೋಡ್ ಬರೆದ. ಹೊದಿಕೆ ತನ್ನಿ ಅಂತ ಹೇಳಲು ನಾವೇ ಮರೆತಿದ್ದೆವು.

ಅದೇ ವಸಂತದಲ್ಲಿ ಮಾಂಟೆನೆಗ್ರೋದಲ್ಲಿ ಕ್ರಿಪ್ಟೋ ಮಂದಿ ಕಟ್ಟಿದ ಜುಜಾಲು ಎಂಬ ಕೂಟ ನಡೆಯಿತು, ಸುಮಾರು ಇನ್ನೂರು ಜನ ಎರಡು ತಿಂಗಳು ಒಟ್ಟಿಗೆ ಬದುಕಿದ್ದು. ಆಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು. ‘ನೀವೂ ಎರಡು ತಿಂಗಳು ಮಾಡಿ’ ಅಂದವರೂ ಇದ್ದರು. ಎರಡು ತಿಂಗಳು ಸಂಪಾದನೆ ಬಿಟ್ಟು ಕೂರುವವರು ನಮ್ಮ ಪೈಕಿ ಒಬ್ಬರೂ ಇಲ್ಲ.

ಮನೆಯ ನಿಯಮಗಳಲ್ಲಿ ಕೆಲಸಕ್ಕೆ ಬಂದದ್ದು ಒಂದೇ: ರಾತ್ರಿ ಜೊತೆಗೆ ಅಡುಗೆ ಮಾಡಿದ ಇಬ್ಬರು ಮರುದಿನ ಒಬ್ಬರ ಕೋಡ್ ಇನ್ನೊಬ್ಬರು ನೋಡಬೇಕು. ಇದನ್ನು ಯೋಚಿಸಿ ಮಾಡಿದ್ದಲ್ಲ, ಗೋಡೆಗೆ ಎರಡು ಪಟ್ಟಿ ಅಂಟಿಸಲು ಸೋಮಾರಿತನ, ಒಂದೇ ಪಟ್ಟಿಯಲ್ಲಿ ಮುಗಿಸಿದೆವು. ಆದರೆ ಆದದ್ದೇ ಬೇರೆ. ಮನೆ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಮಾಮಾ ಅನ್ನುತ್ತಿದ್ದರು, ಇಲ್ಲಿ ತಾಯಿ ಸಮಾನರನ್ನು ಕರೆಯುವುದೇ ಹಾಗೆ. ಕೆನ್ಯಾದ ಚಪಾತಿ ನಮ್ಮದರಂತಲ್ಲ, ಪರೋಟದ ಹಾಗೆ ಪದರ ಪದರ. ಹಿಟ್ಟು ಲಟ್ಟಿಸಿ, ಎಣ್ಣೆ ಸವರಿ, ಸುರುಳಿ ಸುತ್ತಿ ಮತ್ತೆ ಲಟ್ಟಿಸುವುದನ್ನು ಮಾಮಾ ಹೇಳಿಕೊಡುವಾಗ ಹತ್ತು ವರ್ಷ ಅನುಭವದ ಎಂಜಿನಿಯರ್‌ನ ಚಪಾತಿ ಆಫ್ರಿಕಾ ಖಂಡದ ನಕ್ಷೆಯಂತೆ ಬಂತು. ಪಕ್ಕದಲ್ಲಿದ್ದ, ಕಾಲೇಜಿನ ಎರಡನೇ ವರ್ಷದಲ್ಲಿ ಓದುತ್ತಿದ್ದ ಕಿಸುಮು ಊರಿನ ಹುಡುಗಿಯದು ದುಂಡಗೆ. ಅವಳು ನಕ್ಕಳು, ಅವನೂ ನಕ್ಕ. ಮರುದಿನ ಬೆಳಗ್ಗೆ ಅವನ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ನಲ್ಲಿ (ಬ್ಲಾಕ್‌ಚೈನ್ ಮೇಲೆ ತಾನೇ ಓಡುವ ಪ್ರೋಗ್ರಾಂ) ತಪ್ಪು ಹಿಡಿಯಲು ಅವಳು ಅಂಜಲಿಲ್ಲ. ಅವನು ಬರೆದದ್ದು ಡಾಲರ್ ಟೋಕನ್‌ಗೆ ಹದಿನೆಂಟು ದಶಮಾಂಶ ಸ್ಥಾನ ಎಂಬ ಲೆಕ್ಕದಲ್ಲಿ, ಅವನು ಬಳಸಿದ ಯುಎಸ್‌ಡಿಸಿ ಎಂಬ ಡಾಲರ್ ಟೋಕನ್‌ಗೆ ಇರುವುದು ಆರೇ. ಪಿಜ್ಜಾ ಸಭೆಯಲ್ಲಿ ಅವಳು ಬಾಯಿ ಬಿಡುತ್ತಿರಲಿಲ್ಲ, ಇದನ್ನು ಅವಳೇ ಆಮೇಲೆ ಹೇಳಿದಳು.

ಬರೆದ ಕೋಡನ್ನು ಓಡಿಸಿ ನೋಡಲೆಂದೇ ಇಥೀರಿಯಂ ಬ್ಲಾಕ್‌ಚೈನ್‌ಗೆ ಗೊಯೆರ್ಲಿ ಎಂಬ ಪರೀಕ್ಷಾ ಜಾಲ ಇತ್ತು, ಆ ಕಾಲಕ್ಕೆ ಅದರ ನಾಣ್ಯ ಈಥರ್‌ಗೆ ಬರ. ಬೆಲೆಯೇ ಇಲ್ಲದಿರಲಿ ಎಂದು ಮಾಡಿದ ನಾಣ್ಯವನ್ನು ಜನ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಹಾಗಾಗಿ ಮನೆಯೊಳಗೇ ಒಂದು ಲ್ಯಾಪ್‌ಟಾಪ್‌ನಲ್ಲಿ ಆನ್ವಿಲ್ (ಪರೀಕ್ಷೆಗೆಂದು ಲ್ಯಾಪ್‌ಟಾಪ್‌ನೊಳಗೇ ಬ್ಲಾಕ್‌ಚೈನ್ ನಡೆಸುವ ತಂತ್ರಾಂಶ) ಓಡಿಸಿ ಎಲ್ಲರೂ ಅದಕ್ಕೇ ಸೇರಿದೆವು. ಆನ್ವಿಲ್ ಶುರು ಮಾಡಿದರೆ ಹತ್ತು ಖಾತೆ, ಒಂದೊಂದರಲ್ಲೂ 10,000 ಈಥರ್, ಎಲ್ಲ ಆಟದ ದುಡ್ಡು. ಆ ಖಾತೆಗಳನ್ನು ತೆರೆಯುವ ಕೀಲಿಯಂಥ ಗುಟ್ಟಿನ ಹನ್ನೆರಡು ಪದಗಳು ಊರಿಗೆಲ್ಲ ಗೊತ್ತು: ಹನ್ನೊಂದು ಸಲ ‘ಟೆಸ್ಟ್’, ಕೊನೆಗೊಮ್ಮೆ ‘ಜಂಕ್’. ನನ್ನ ತಪ್ಪು ಇಲ್ಲೇ. ಇದು ಊರಿಗೆಲ್ಲ ಗೊತ್ತು ಎಂಬುದು ಹೊಸಬರಿಗೆ ಗೊತ್ತಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ. ಎಲ್ಡೊರೆಟ್‌ನ ಹುಡುಗನೊಬ್ಬ ಆ ಪದಗಳನ್ನೇ ತನ್ನ ವಾಲೆಟ್‌ಗೆ ಹಾಕಿಕೊಂಡು, ಜೀವನದ ಮೊದಲ ಫ್ರೀಲ್ಯಾನ್ಸ್ ಸಂಬಳ, ಇಪ್ಪತ್ತು ಡಾಲರ್ ಬೆಲೆಯ ನಿಜವಾದ ಈಥರ್, ಅದೇ ವಿಳಾಸಕ್ಕೆ ತರಿಸಿಕೊಂಡ. ಅಂಥ ವಿಳಾಸಗಳನ್ನು ಬಾಟ್‌ಗಳು, ಅಂದರೆ ದುಡ್ಡು ಬಂದೊಡನೆ ಎತ್ತಿಕೊಳ್ಳುವ ಪ್ರೋಗ್ರಾಂಗಳು, ಹಗಲು ರಾತ್ರಿ ಕಾಯುತ್ತಿರುತ್ತವೆ. ಬಂದದ್ದು ಕಂಡಿತು, ಪುಟ ರಿಫ್ರೆಶ್ ಮಾಡುವಷ್ಟರಲ್ಲಿ ಸೊನ್ನೆ. ಅವನು ಯಾರಿಗೂ ಹೇಳದೆ ಹಿತ್ತಲಿಗೆ ಹೋಗಿ ಕೂತಿದ್ದ. ಒಂದೇ ಸೂರಿನಡಿ ಇದ್ದದ್ದರಿಂದ ಗೊತ್ತಾಯಿತು, ಊಟಕ್ಕೆ ತಟ್ಟೆ ಒಂದು ಹೆಚ್ಚು ಉಳಿದಿತ್ತು. ಇಪ್ಪತ್ತು ಡಾಲರ್ ನಾನು ಕೊಟ್ಟೆ. ಆಮೇಲಿನ ಎಲ್ಲ ಮನೆಗಳಲ್ಲೂ ಮೊದಲ ದಿನದ ಮೊದಲ ಪಾಠ ಅವನದೇ, ಆ ಕಥೆಯನ್ನು ಅವನೇ ಹೇಳುತ್ತಾನೆ.

ಆ ಹತ್ತು ದಿನದ ದೊಡ್ಡ ಜಗಳ ಚಾಮಾದ್ದು. ಚಾಮಾ ಅಂದರೆ ನಮ್ಮ ಚೀಟಿ: ಹತ್ತು ಜನ ತಿಂಗಳಿಗಿಷ್ಟು ಹಾಕುವುದು, ಸರದಿ ಪ್ರಕಾರ ಒಬ್ಬೊಬ್ಬರು ಎತ್ತುವುದು. ನಮ್ಮಮ್ಮ ದಾವಣಗೆರೆಯಲ್ಲಿ ವರ್ಷಗಟ್ಟಲೆ ನಡೆಸಿದ್ದಾಳೆ. ಮೂವರು ಹುಡುಗರು ಅದನ್ನು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಬರೆಯುವ ಭಾಷೆ ಸಾಲಿಡಿಟಿಯಲ್ಲಿ ಬರೆದರು. ದುಡ್ಡು ಕೂಡಿಸಿ ಹಂಚುವ ಭಾಗ ಒಂದೇ ಸಂಜೆಗೆ ಮುಗಿಯಿತು. ಚೀಟಿ ಎತ್ತಿದವನು ಆಮೇಲೆ ಕಟ್ಟದಿದ್ದರೆ? ಇದಕ್ಕೆ ಮೂರು ರಾತ್ರಿ ಹೋಯಿತು. ಕೊನೆಗೆ, ಸೇರುವಾಗಲೇ ಎಲ್ಲ ಕಂತುಗಳಷ್ಟು ಮೊತ್ತ ಠೇವಣಿ ಇಡಬೇಕು ಎಂದು ಬರೆದು, ಹೆಮ್ಮೆಯಿಂದ ಮಾಮಾಗೆ ತೋರಿಸಿದರು. ಮಾಮಾ ಕೈ ಒರೆಸಿಕೊಳ್ಳುತ್ತಾ ಕೇಳಿದರು: ‘ಅಷ್ಟು ದುಡ್ಡು ಮೊದಲೇ ಇದ್ದರೆ ನಾನು ಚಾಮಾಕ್ಕೆ ಯಾಕಪ್ಪಾ ಸೇರಲಿ?’

‘ಮತ್ತೆ ಕಟ್ಟದಿದ್ದರೆ ನೀವೇನು ಮಾಡುತ್ತೀರಿ?’

‘ಅವಳ ಮನೆಗೆ ಎಲ್ಲರೂ ಹೋಗಿ ಕೂರುತ್ತೇವೆ. ಟೀ ಕುಡಿಯುತ್ತೇವೆ. ಏಳುವುದಿಲ್ಲ.’

ನಮ್ಮಮ್ಮ ಮಾಡುತ್ತಿದ್ದದ್ದೂ ಅದನ್ನೇ. ದೇಶದೊಳಗೆ ದುಡ್ಡು ಕಳಿಸಲು 2007ರಿಂದ ಫೋನಿನಲ್ಲೇ ಕೆಲಸ ಮಾಡುವ ಎಂ-ಪೆಸಾ ಇರುವಾಗ ನಿಮ್ಮದು ಯಾಕೆ ಬೇಕು ಎಂದೂ ಮಾಮಾ ಕೇಳಿದ್ದರು. ಅದಕ್ಕೆ ಉತ್ತರ ಕೊಟ್ಟವನು ಪರದೆ ಹೊದ್ದುಕೊಂಡಿದ್ದ ಲಾಗೋಸಿನವನು. ನೈಜೀರಿಯಾದ ಕೇಂದ್ರ ಬ್ಯಾಂಕು 2021ರ ಫೆಬ್ರವರಿಯಲ್ಲಿ ಕ್ರಿಪ್ಟೋ ವ್ಯವಹಾರದ ಖಾತೆಗಳನ್ನು ಮುಚ್ಚಲು ಬ್ಯಾಂಕುಗಳಿಗೆ ಹೇಳಿತ್ತು, ಅದು ಸಡಿಲವಾದದ್ದು 2023ರ ಡಿಸೆಂಬರ್‌ನಲ್ಲಿ. ನಡುವೆ ಹೊರದೇಶದ ಸಂಬಳವನ್ನು ಅವನು ಡಾಲರ್ ಬೆಲೆಗೆ ಕಟ್ಟಿದ ಸ್ಟೇಬಲ್‌ಕಾಯಿನ್‌ನಲ್ಲೇ ತರಿಸಿ, ಗುರುತಿನವರಿಗೆ ಮಾರಿ ತನ್ನ ದೇಶದ ದುಡ್ಡು ನೈರಾ ಮಾಡಿಕೊಳ್ಳುತ್ತಿದ್ದ. ನಮ್ಮ ಯಾವ ಸ್ಲೈಡ್‌ನಲ್ಲೂ ಇಲ್ಲದ ಪಾಠ ಅದು. ನಕಲಿ ಬ್ಯಾಂಕ್ ಮೆಸೇಜ್ ತೋರಿಸಿ ಹೇಗೆ ಮೋಸ ಮಾಡುತ್ತಾರೆ ಎಂಬುದನ್ನು ಅವನು ಒಂದೂವರೆ ಗಂಟೆ ಹೇಳಿದ, ಯಾರೂ ಎದ್ದು ಹೋಗಲಿಲ್ಲ.

ಮೊದಲ ಮನೆಯಲ್ಲಿ ಹುಡುಗಿಯರು ಇಬ್ಬರೇ. ಕಾರಣ ಕೇಳಬೇಕಿಲ್ಲ, ಹತ್ತು ದಿನ ಗುರುತಿಲ್ಲದ ಗಂಡಸರ ಜೊತೆ ಮಗಳನ್ನು ಯಾವ ತಾಯಿ ಕಳಿಸುತ್ತಾಳೆ? ಎರಡನೇ ಸಲ ನಮ್ಮ ತಂಡದ ಹೆಣ್ಣುಮಗಳೊಬ್ಬಳು ಮನೆ ಮನೆಗೆ ಹೋಗಿ, ಟೀ ಕುಡಿದು, ತಾಯಂದಿರ ನಂಬರ್ ತೆಗೆದುಕೊಂಡು ಬಂದಳು. ಆ ಸಲದ ಹದಿನಾರು ಜನರಲ್ಲಿ ಏಳು ಮಂದಿ ಹುಡುಗಿಯರು.

ಆ ಎರಡನೇ ಮನೆ 2024ರ ಮೇ ತಿಂಗಳದ್ದು. ನೈವಾಶಾದಲ್ಲೇ ಗೊತ್ತು ಮಾಡಿದ್ದೆವು. ಆದರೆ ಏಪ್ರಿಲ್ 29ರಂದು ಹತ್ತಿರದ ಮಾಯಿ ಮಾಹಿಯುನಲ್ಲಿ ನೀರು ನುಗ್ಗಿ ಹತ್ತಾರು ಜನ ಸತ್ತರು. ಆ ಕಡೆ ಜನರನ್ನು ಕರೆಯುವ ಮಾತೇ ಇರಲಿಲ್ಲ. ಐದು ದಿನದಲ್ಲಿ ಓಡಾಡಿ ಕೆನ್ಯಾ ಪರ್ವತದ ಬುಡದ ನಾನ್ಯುಕಿಯಲ್ಲಿ ಬೇರೆ ಮನೆ ಹಿಡಿದೆವು. ಮುಂಗಡ ಮುಳುಗಿತು. ಬಂದು ಸೇರಿದ ಎರಡನೇ ದಿನ, ಮೇ 12, ಭಾನುವಾರ, ಇಂಟರ್‌ನೆಟ್ ತೆವಳತೊಡಗಿತು. ನಾನು ರೂಟರ್ ತೆಗೆದು ಹಾಕಿದೆ, ಕಂಪನಿಗೆ ಫೋನ್ ಮಾಡಿ ಕೂಗಾಡಿದೆ. ಆಮೇಲೆ ತಿಳಿಯಿತು, ದಕ್ಷಿಣ ಆಫ್ರಿಕಾದ ಡರ್ಬನ್ ಬಳಿ ಸಮುದ್ರದಡಿಯ ಈಸಿ, ಸೀಕಾಂ ಎಂಬ ಇಂಟರ್‌ನೆಟ್ ಕೇಬಲ್‌ಗಳೇ ತುಂಡಾಗಿವೆ, ಪೂರ್ವ ಆಫ್ರಿಕಾಕ್ಕೆಲ್ಲ ಇದೇ ಗತಿ.

ನಮ್ಮನ್ನು ಉಳಿಸಿದ್ದು ಹಿಂದಿನ ಮನೆಯ ಜಿಪುಣತನ. ಮೊಬೈಲ್ ಡೇಟಾ ಬಂಡಲ್ ಉಳಿಸಲೆಂದು ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ವರ್ಡಾಚಿಯೋ ಎಂಬ ತಂತ್ರಾಂಶ ಹಾಕಿ, ಬೇಕಾದ ಎನ್‌ಪಿಎಂ ಪ್ಯಾಕೇಜ್‌ಗಳನ್ನೆಲ್ಲ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತುಂಬಿಟ್ಟಿದ್ದೆವು. ಒಬ್ಬರು ಇಳಿಸಿದ್ದು ಎಲ್ಲರಿಗೂ ಮನೆಯೊಳಗೇ ಸಿಗುತ್ತದೆ. ಸಾಲಿಡಿಟಿ ಕಂಪೈಲರ್ ಪೆನ್ ಡ್ರೈವ್‌ನಲ್ಲಿ ಇತ್ತು. ಆನ್ವಿಲ್ ಅಂತೂ ಹೊರಗಿನ ಜಾಲವನ್ನು ಕೇಳುವುದೇ ಇಲ್ಲ. ಕೇಬಲ್ ಸರಿಯಾಗುವವರೆಗೆ ಯೂಟ್ಯೂಬ್ ಇಲ್ಲ, ಚಾಟ್‌ಬಾಟ್ ಇಲ್ಲ. ಗೊತ್ತಿಲ್ಲದ್ದನ್ನು ಪಕ್ಕದವರನ್ನೇ ಕೇಳಬೇಕು. ಆ ಮನೆಯಲ್ಲಿ ನಡೆದಷ್ಟು ಕೋಡ್ ಕೆಲಸ ಬೇರೆ ಯಾವ ಮನೆಯಲ್ಲೂ ನಡೆದಿಲ್ಲ.

ಈಗ ಹಳಬರೇ ತಮ್ಮ ತಮ್ಮ ಊರಲ್ಲಿ ಮನೆ ಹಿಡಿಯುತ್ತಾರೆ. ಮುಂದಿನದು ಉಗಾಂಡಾದ ಜಿಂಜಾದಲ್ಲಿ, ನೈಲ್ ನದಿ ಹೊರಡುವ ಕಡೆ. ಹೊರದೇಶದಿಂದ ಬರುವ ಪಾಲಿಗೆ ಮಾತ್ರ ಐವರಲ್ಲಿ ಮೂವರು ಸಹಿ ಹಾಕಿದರೆ ತೆರೆಯುವ ಮಲ್ಟಿಸಿಗ್ ವಾಲೆಟ್ ಇಟ್ಟಿದ್ದೇವೆ. ಉಳಿದದ್ದಕ್ಕೆ ಹಳಬರದೇ ಒಂದು ಚಾಮಾ: ಎಂ-ಪೆಸಾ, ಒಂದು ವಾಟ್ಸ್ಯಾಪ್ ಗುಂಪು, ಗೆರೆ ಎಳೆದ ನೂರು ಪುಟದ ನೋಟ್‌ಬುಕ್. ಬ್ಲಾಕ್‌ಚೈನ್‌ನವರೇ ಹೀಗಾ ಎಂದು ನಗುವವರು ನಗಲಿ. ನೋಟ್‌ಬುಕ್ ಇರುವುದು ದುಂಡಗಿನ ಚಪಾತಿ ಮಾಡಿದ ಕಿಸುಮುವಿನ ಹುಡುಗಿಯ ಹತ್ತಿರ, ಈಗ ಅವಳೇ ಖಜಾಂಚಿ. ಮೊನ್ನೆ ನಾನು ಕಂತು ಕಟ್ಟುವುದು ಮರೆತೆ. ಬೆಳಗ್ಗೆ ಏಳಕ್ಕೆ ಅವಳ ಮೆಸೇಜ್: ‘ಮ್‌ಜೀ (ಹಿರಿಯರೇ), ಐದನೇ ತಾರೀಖು ದಾಟಿತು. ದಂಡ 200 ಶಿಲ್ಲಿಂಗ್. ಶನಿವಾರ ನಿಮ್ಮ ಮನೆಗೆ ಟೀಗೆ ಬರಲಾ?’

ತಕ್ಷಣ ಕಳಿಸಿದೆ.